ಮೀನಿನ ತೊಟ್ಟಿಗೆ ಯಾವ ಫಿಲ್ಟರ್?

ಬಣ್ಣದ ಮೀನು ಸಾಕೋದು ಈಗ ಪೇಟೆಯವರ ಶೋಕಿಯಾಗಿ ಉಳಿದಿಲ್ಲ. ಹಳ್ಳಿ ಮನೆಗಳಲ್ಲೂ ಮಕ್ಕಳ ಹಟಕ್ಕೆ ಗಾಜಿನ ತೊಟ್ಟಿ ಬರುತ್ತದೆ. ಹದಿನೈದು ದಿನದಲ್ಲಿ ಮೀನು ಒಂದೊಂದಾಗಿ ಸತ್ತು ತೇಲುತ್ತವೆ. ಆಮೇಲೆ ತೊಟ್ಟಿ ಅಟ್ಟ ಸೇರುತ್ತದೆ. ಬಹಳ ಕಡೆ ಇದಕ್ಕೆ ಕಾರಣ ಫಿಲ್ಟರ್ ಇಲ್ಲದಿರುವುದು, ಇಲ್ಲವೇ ಇದ್ದ ಫಿಲ್ಟರನ್ನು ತಿಳಿಯದೆ ತೊಳೆದಿರುವುದು.

ನಮ್ಮದು ಮಳೆ ನಂಬಿದ ಶೇಂಗಾ, ರಾಗಿ ಬೇಸಾಯ. ಪಡಸಾಲೆಯಲ್ಲಿ ಎರಡಡಿ ಉದ್ದದ ತೊಟ್ಟಿ ಇಟ್ಟು ಗಪ್ಪಿ, ಮೋಲಿ ಮೀನು ಸಾಕುತ್ತಾ ಬಂದಿದ್ದೇವೆ. ಬೋರ್‌ವೆಲ್ಲಿನ ಗಡಸು ನೀರು, ಹೇಳದೆ ಕೇಳದೆ ಹೋಗುವ ಕರೆಂಟು. ಇಂಥ ಮನೆಗೆ ಹೊಂದುವ ಫಿಲ್ಟರ್ ಯಾವುದು ಅನ್ನೋದನ್ನ ಇಲ್ಲಿ ಬರೆದಿದ್ದೇನೆ.

ಬರೀ ಜರಡಿಯಲ್ಲ

ಫಿಲ್ಟರ್ ಅಂದರೆ ಕಸ ಹಿಡಿಯುವ ಜರಡಿ ಅಂತ ಹೆಚ್ಚಿನವರು ತಿಳಿದಿದ್ದಾರೆ. ಕಸ ಹಿಡಿಯೋದು ಅದರ ಅರ್ಧ ಕೆಲಸ ಮಾತ್ರ. ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಅದರಲ್ಲಿ ವಿಷ ಇರಬಹುದು.

ಮೀನು ತನ್ನ ಕಿವಿರಿನಿಂದ ಅಮೋನಿಯ ಹೊರಹಾಕುತ್ತದೆ. ಉಳಿದ ಆಹಾರ, ಹಿಕ್ಕೆ ಕೊಳೆತರೂ ಅದೇ ಬರುತ್ತದೆ. ಬೆಳಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಗಂಜಳದ ಘಾಟು ಮೂಗಿಗೆ ಹೊಡೆಯುತ್ತದಲ್ಲ, ಅದೇ ಅಮೋನಿಯ. ನಮಗೆ ಬಾಗಿಲು ತೆರೆದರೆ ಗಾಳಿಯಾಯಿತು. ತೊಟ್ಟಿಯ ಮೀನು ಎಲ್ಲಿಗೆ ಹೋಗಬೇಕು?

ಹೊಲದಲ್ಲಿ ಯೂರಿಯಾ, ಗೊಬ್ಬರ ಹಾಕಿದಾಗ ಅಮೋನಿಯ ರೂಪದ ಸಾರಜನಕವನ್ನು ಮಣ್ಣಿನ ಜೀವಾಣುಗಳು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ತೊಟ್ಟಿಯಲ್ಲೂ ನಡೆಯೋದು ಇದೇ ಕೆಲಸ. ಅಮೋನಿಯ, ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟ್‌ನಿಂದ ಅಷ್ಟು ಅಪಾಯವಿಲ್ಲ. ಶೇಂಗಾ ಬೀಜಕ್ಕೆ ರೈಜೋಬಿಯಂ ಹಚ್ಚಿ ಬಿತ್ತುವ ನಮಗೆ ಜೀವಾಣು ಹೊಸದೇನಲ್ಲ. ಇವಕ್ಕೆ ಅಂಟಿಕೊಂಡು ಕೂರಲು ಜಾಗ ಬೇಕು, ಗಾಳಿಯಾಡಿದ ನೀರು ಹರಿಯುತ್ತಿರಬೇಕು. ಎರಡನ್ನೂ ಕೊಡುವುದೇ ಫಿಲ್ಟರ್.

ಬಯಲುಸೀಮೆಯವರು ಇನ್ನೊಂದು ಗಮನಿಸಬೇಕು. ನಮ್ಮ ಬೋರ್ ನೀರು ಬಹಳ ಕಡೆ ಕ್ಷಾರ. ನೀರಿನ ರಸಸಾರ ಏರಿದಷ್ಟೂ, ಬೇಸಿಗೆಯಲ್ಲಿ ನೀರು ಬೆಚ್ಚಗಾದಷ್ಟೂ ಅಮೋನಿಯದ ವಿಷ ಹೆಚ್ಚುತ್ತದೆ. ಹಾಗಾಗಿ ನಮಗೆ ಫಿಲ್ಟರ್ ಇನ್ನೂ ಮುಖ್ಯ.

ಅಂಗಡಿಯಲ್ಲಿ ಸಿಗುವ ಬಗೆಗಳು

ಜಲ್ಲಿ ಕೆಳಗಿನ ಪ್ಲೇಟು: ಹಳೆಯ ಪದ್ಧತಿ, ಅಗ್ಗ. ಜಲ್ಲಿಯೇ ಫಿಲ್ಟರ್ ಆಗುತ್ತದೆ. ಆದರೆ ಪ್ಲೇಟಿನ ಕೆಳಗೆ ಕೆಸರು ಕಟ್ಟಿದರೆ ಇಡೀ ತೊಟ್ಟಿ ಬಿಚ್ಚಬೇಕು.

ಸ್ಪಾಂಜ್ ಫಿಲ್ಟರ್: ಹೊರಗಿನ ಏರ್ ಪಂಪಿನಿಂದ ಗಾಳಿ ಬಂದು ಗುಳ್ಳೆ ಮೇಲೇರುವಾಗ ನೀರು ಸ್ಪಾಂಜಿನ ಮೂಲಕ ಎಳೆದುಕೊಳ್ಳುತ್ತದೆ. ಮೋಟಾರು ನೀರಿನಲ್ಲಿ ಮುಳುಗುವುದಿಲ್ಲ. ಗಪ್ಪಿ ಮರಿಗಳನ್ನು ಒಳಗೆ ಎಳೆಯುವುದಿಲ್ಲ.

ಮುಳುಗಿಸುವ ಮೋಟಾರ್ ಫಿಲ್ಟರ್, ಗಾಜಿನ ಅಂಚಿಗೆ ನೇತುಹಾಕುವ ಫಿಲ್ಟರ್: ಕಸ ಚೆನ್ನಾಗಿ ಹಿಡಿಯುತ್ತವೆ. ಸೆಳೆತ ಜೋರು. ಸಣ್ಣ ಮರಿ ಇದ್ದರೆ ಬಾಯಿಗೆ ಸ್ಪಾಂಜ್ ಕಟ್ಟಬೇಕು. ಪೊಟ್ಟಣದ ಮೇಲೆ ಗಂಟೆಗೆ ಎಷ್ಟು ಲೀಟರ್ ಅಂತ ಬರೆದಿರುತ್ತದೆ. ತೊಟ್ಟಿಯ ನೀರಿನ ನಾಲ್ಕೈದು ಪಟ್ಟು ಇದ್ದರೆ ಸಾಕು. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿ ತುಂಬಿದರೆ ಸುಮಾರು 56 ಲೀಟರ್. ಅದಕ್ಕೆ 250 ಲೀಟರಿನದು ನಡೆಯುತ್ತದೆ.

ಕ್ಯಾನಿಸ್ಟರ್: ತೊಟ್ಟಿಯ ಹೊರಗಿಡುವ ಮುಚ್ಚಿದ ಡಬ್ಬಿ. ದೊಡ್ಡ ತೊಟ್ಟಿಗೆ ಒಳ್ಳೆಯದು, ಬೆಲೆಯೂ ದೊಡ್ಡದು. ಕರೆಂಟು ಹಲವು ಗಂಟೆ ಹೋದರೆ ಒಳಗಿನ ಜೀವಾಣು ಉಸಿರುಗಟ್ಟಿ ಸಾಯುತ್ತವೆ. ಕರೆಂಟು ಬಂದ ಕೂಡಲೇ ಆ ಕೊಳೆತ ನೀರು ಮೀನಿನ ಮೇಲೆ ಬರುತ್ತದೆ.

ನಮ್ಮ ಮನೆಗಳಿಗೆ ಸ್ಪಾಂಜ್

ಎರಡಡಿ ತೊಟ್ಟಿ, ಸಣ್ಣ ಮೀನು, ನಂಬಿಕೆಯಿಲ್ಲದ ಕರೆಂಟು ಇರುವ ಕಡೆ ಸ್ಪಾಂಜ್ ಫಿಲ್ಟರೇ ಸರಿ ಅನ್ನೋದು ನನ್ನ ಅಭಿಪ್ರಾಯ. ಸ್ಪಾಂಜ್ ತೊಟ್ಟಿಯ ನೀರಲ್ಲೇ ಇರುವುದರಿಂದ ಕರೆಂಟು ಹೋದರೂ ಜೀವಾಣು ಹೆಚ್ಚು ಹೊತ್ತು ತಡೆಯುತ್ತವೆ. ಬ್ಯಾಟರಿ ಸೆಲ್ಲಿನ ಏರ್ ಪಂಪ್ ಒಂದಿದ್ದರೆ ಅದೇ ಕೊಳವೆಗೆ ಸಿಕ್ಕಿಸಬಹುದು. ಖರ್ಚೂ ಕಡಿಮೆ: 5 ವ್ಯಾಟಿನ ಪಂಪ್ ಹಗಲು ರಾತ್ರಿ ಓಡಿದರೂ ತಿಂಗಳಿಗೆ 3.6 ಯೂನಿಟ್. ಗೋಲ್ಡ್ ಫಿಶ್ ಸಾಕುವವರಿಗೆ ಮಾತ್ರ ಇದು ಸಾಲದು. ಅದು ಬಹಳ ಗಲೀಜು ಮಾಡುವ ಮೀನು, ತೊಟ್ಟಿಯೂ ಫಿಲ್ಟರೂ ದೊಡ್ಡದೇ ಬೇಕು.

ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಕೆಳಗಿಟ್ಟರೆ ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೆ ನುಗ್ಗುತ್ತದೆ. ಬೋರಿಗೆ ಹಾಕುವ ಎನ್‌ಆರ್‌ವಿ ತರಹದ್ದೇ ಪುಟ್ಟ ವಾಲ್ವ್ ಇದಕ್ಕೂ ಸಿಗುತ್ತದೆ. ಅದನ್ನೂ ಹಾಕಿ.

ತೊಳೆಯುವ ಕ್ರಮ

ಪೇಟೆಯಲ್ಲಿರುವ ನಮ್ಮ ನೆಂಟರೊಬ್ಬರು ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿದು, ಸೋಪು ಹಾಕಿ ತಿಕ್ಕಿ ಬೆಳ್ಳಗೆ ಮಾಡಿದರು. ನಾಲ್ಕೇ ದಿನದಲ್ಲಿ ತೊಟ್ಟಿ ಖಾಲಿ. ನಲ್ಲಿ ನೀರಿನ ಕ್ಲೋರಿನ್, ಸೋಪು ಎರಡೂ ಜೀವಾಣುಗಳಿಗೆ ಯಮ. ತೊಟ್ಟಿಯಿಂದ ತೆಗೆದ ನೀರನ್ನೇ ಬಕೆಟ್ಟಿಗೆ ಹಾಕಿ, ಅದರಲ್ಲಿ ಸ್ಪಾಂಜನ್ನು ನಾಲ್ಕೈದು ಸಲ ಹಿಂಡಿದರೆ ಸಾಕು. ಬಣ್ಣ ಕಂದಾಗೇ ಇರಲಿ. ಎರಡು ಸ್ಪಾಂಜ್ ಇದ್ದರೆ ಒಂದು ಸಲಕ್ಕೆ ಒಂದನ್ನು ಮಾತ್ರ ಹಿಂಡಿ.

ಹೊಸ ಫಿಲ್ಟರಿನಲ್ಲಿ ಜೀವಾಣು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಎರಡು ಮೂರು ಮೀನು ಸಾಕು, ಆಹಾರ ಚಿಟಿಕೆಯಷ್ಟೇ. ಪರಿಚಯದವರ ಹಳೆಯ ತೊಟ್ಟಿಯಲ್ಲಿ ಮೀನಿಗೆ ರೋಗವಿಲ್ಲದಿದ್ದರೆ ಅಲ್ಲಿನ ಸ್ಪಾಂಜ್ ತುಂಡೊಂದನ್ನು ಒಣಗಲು ಬಿಡದೆ ತಂದು ಹಾಕಿದರೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ, ಬೇಗ ಕೂರುತ್ತದೆ.

ಫಿಲ್ಟರ್ ಎಷ್ಟೇ ಒಳ್ಳೆಯದಿದ್ದರೂ ನೈಟ್ರೇಟ್ ನೀರಲ್ಲೇ ಉಳಿಯುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಲೇಬೇಕು. ತೆಗೆದ ನೀರು ಚೆಲ್ಲಬೇಡಿ. ಉಪ್ಪು, ಔಷಧಿ ಹಾಕಿರದಿದ್ದರೆ ಕರಿಬೇವಿನ ಬುಡಕ್ಕೆ ಹುಯ್ಯಿರಿ. ಮೀನಿಗೆ ಬೇಡವಾದ ನೈಟ್ರೇಟ್ ಗಿಡಕ್ಕೆ ಗೊಬ್ಬರ.