ಕಾಡಿನ ರಸ್ತೆಯಲ್ಲಿ ಬಿಡುವಿನ ಲೆಕ್ಕ

ಗುಂಡ್ಲುಪೇಟೆಯಿಂದ ವಯನಾಡಿಗೆ ಹೋಗುವ ಹೆದ್ದಾರಿ ಬಂಡೀಪುರದ ಕಾಡನ್ನು ಹಾದುಹೋಗುತ್ತದೆ. 2009ರಲ್ಲಿ ಇಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನು ನಿಷೇಧಿಸಲಾಯಿತು. 2010ರಲ್ಲಿ ಕರ್ನಾಟಕ ಹೈಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೂ ಕೆಲವೇ ಬಸ್ಸುಗಳಿಗೂ ವಿನಾಯಿತಿ ದೊರೆಯಿತು. ವಯನಾಡಿನ ಜನರಿಗೆ ಇದರಿಂದ ತೊಂದರೆಯಾದದ್ದು ನಿಜ. ಹಾಗಾದರೆ ರಸ್ತೆಗೆ ಉಬ್ಬುಗಳನ್ನು ಹಾಕಿದ್ದರೆ ಸಾಲುತ್ತಿರಲಿಲ್ಲವೆ?

ಉಬ್ಬಿನ ಕೆಲಸ ವೇಗವನ್ನು ತಗ್ಗಿಸುವುದು. ಗಂಟೆಗೆ 80 ಕಿ.ಮೀ. ವೇಗದ ಕಾರು, ಚಾಲಕ ಎಚ್ಚೆತ್ತು ಬ್ರೇಕ್ ತುಳಿಯುವ ಒಂದೂವರೆ ಸೆಕೆಂಡಿನಲ್ಲಿಯೇ 33 ಮೀಟರ್ ಸಾಗಿರುತ್ತದೆ. ಘರ್ಷಣಾಂಕ 0.7 ಎಂದುಕೊಂಡರೆ, ನಿಲ್ಲಲು ಮತ್ತೆ 36 ಮೀಟರ್ ಬೇಕು. ವೇಗ 40ಕ್ಕೆ ಇಳಿದರೆ ಈ ದೂರಗಳು 17 ಮತ್ತು 9 ಮೀಟರ್. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಬ್ರೇಕಿನ ದೂರ ಕಾಲುಭಾಗವಾಯಿತು. ಹೆಡ್‌ಲೈಟಿನಲ್ಲಿ ಕಡವೆಯೊಂದು 50 ಮೀಟರ್ ದೂರದಲ್ಲಿ ಕಂಡರೆ, ಮೊದಲ ಕಾರು ಅದಕ್ಕೆ ಗುದ್ದುತ್ತದೆ, ಎರಡನೆಯದು ನಿಲ್ಲುತ್ತದೆ.

ಆದರೆ ಪ್ರಾಣಿಗೆ ಬೇಕಾದದ್ದು ಇಷ್ಟೇ ಅಲ್ಲ, ದಾಟಲು ಬಿಡುವೂ ಬೇಕು. ಆನೆಯ ಹಿಂಡೊಂದಕ್ಕೆ ರಸ್ತೆ ದಾಟಲು 40 ಸೆಕೆಂಡು ಬೇಕೆನ್ನೋಣ. ಗಂಟೆಗೆ 60 ವಾಹನಗಳು ಬರುತ್ತಿದ್ದರೆ ಸರಾಸರಿ ಅಂತರ 60 ಸೆಕೆಂಡು. ವಾಹನಗಳು ಯಾದೃಚ್ಛಿಕವಾಗಿ ಬರುವಾಗ, 40 ಸೆಕೆಂಡಿಗಿಂತ ದೊಡ್ಡ ಬಿಡುವಿನ ಸಂಭವನೀಯತೆ ಘಾತೀಯವಾಗಿ ಇಳಿಯುತ್ತದೆ. ವಿಕಿರಣಶೀಲ ಕ್ಷಯದ ಸೂತ್ರವೇ ಇಲ್ಲಿಗೂ ಸಲ್ಲುತ್ತದೆ! ಅದರಂತೆ ಉತ್ತರ ಶೇಕಡ 51. ವಾಹನಗಳು 240 ಆದರೆ? ಶೇಕಡ 7 ಮಾತ್ರ. ದಟ್ಟಣೆ ನಾಲ್ಕು ಪಟ್ಟಾದಾಗ ಅವಕಾಶ ಏಳನೆಯ ಒಂದು ಭಾಗಕ್ಕೆ ಕುಸಿಯಿತು. ಉಬ್ಬುಗಳಿಂದ ವಾಹನಗಳ ಸಂಖ್ಯೆ ಕಡಿಮೆಯಾಗದು. ಆದ್ದರಿಂದ ಅವು ನಿಷೇಧಕ್ಕೆ ಬದಲಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರವಾಸಿಗರ ವಿಷಯದಲ್ಲೂ ಎಣಿಸಬೇಕಾದದ್ದು ಜನರನ್ನಲ್ಲ, ವಾಹನಗಳನ್ನು. ಗಂಟೆಗೆ 240 ಜನ ನಾಲ್ಕು ನಾಲ್ಕು ಮಂದಿಯಂತೆ ಕಾರುಗಳಲ್ಲಿ ಬಂದರೆ 60 ವಾಹನ. 24 ಆಸನಗಳ ಬಸ್ಸಾದರೆ ಹತ್ತೇ. ಆಗ ಅದೇ ಹಿಂಡಿಗೆ ಬಿಡುವು ಸಿಗುವ ಸಂಭವನೀಯತೆ ಶೇಕಡ 90ರ ಸಮೀಪಕ್ಕೆ ಏರುತ್ತದೆ, ನೋಡುಗರಲ್ಲಿ ಒಬ್ಬರೂ ಕಡಿಮೆಯಾಗದೆ. ಬಂಡೀಪುರದ ಸಫಾರಿಗೆ ಸ್ವಂತ ಕಾರುಗಳನ್ನು ಬಿಡದಿರುವುದು ಈ ದೃಷ್ಟಿಯಿಂದಲೂ ಸರಿ.

ಈ ಲೆಕ್ಕವನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಶಾಲೆಯ ಮುಂದಿನ ರಸ್ತೆಯಲ್ಲಿ ನೂರು ವಾಹನಗಳ ನಡುವಿನ ಅಂತರಗಳನ್ನು ಗಡಿಯಾರ ಹಿಡಿದು ಬರೆದುಕೊಳ್ಳಿ. ಸರಾಸರಿಗಿಂತ ದೊಡ್ಡವು ಸುಮಾರು 37 ಬರಬೇಕು. ಹತ್ತಿರದಲ್ಲಿ ಸಿಗ್ನಲ್ ದೀಪವಿದ್ದರೆ ಮಾತ್ರ ವಾಹನಗಳು ಗುಂಪುಗುಂಪಾಗಿ ಬಂದು ಲೆಕ್ಕ ತಪ್ಪೀತು.