ಕೊರೆಯುವ ಕೊಳವೆಯ ಮೂಲಕ ಶಬ್ದ ಸಂಕೇತಗಳ ರವಾನೆ
(ಸಾರ್ವಜನಿಕರ ಮಾಹಿತಿಗಾಗಿ)

ತೈಲ, ಅನಿಲ ಹಾಗೂ ಖನಿಜಗಳ ಅನ್ವೇಷಣೆಗಾಗಿ ಭೂಮಿಯನ್ನು ಆಳವಾಗಿ ಕೊರೆಯುವಾಗ, ತಳದಲ್ಲಿನ ಒತ್ತಡ, ಉಷ್ಣತೆ ಮತ್ತು ಬಾವಿಯು ಸಾಗುತ್ತಿರುವ ದಿಕ್ಕನ್ನು ಮೇಲಿರುವವರು ಆಗಿಂದಾಗ್ಗೆ ತಿಳಿಯುವುದು ಅವಶ್ಯಕ. ಈ ಮಾಹಿತಿಯನ್ನು ಉಕ್ಕಿನ ಕೊಳವೆಯಲ್ಲಿಯೇ ಶಬ್ದ ತರಂಗಗಳಾಗಿ ಕಳುಹಿಸುವ ವಿಧಾನವೂ ಬಳಕೆಯಲ್ಲಿದೆ.

ಕಾರ್ಯವಿಧಾನ:

1. ಕೊರೆಯುವ ಬಿಟ್‌ನ ಸಮೀಪದಲ್ಲಿ ಅಳವಡಿಸಿದ ಸಾಧನವು ಕೊಳವೆಯಲ್ಲಿ ಕಂಪನಗಳನ್ನು ಉಂಟುಮಾಡುತ್ತದೆ. ಮೇಲ್ಭಾಗದ ಸಂವೇದಕವು ಅವುಗಳನ್ನು ಗ್ರಹಿಸುತ್ತದೆ.

2. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸಿದರೆ, ಉಕ್ಕಿನಲ್ಲಿ ಸುಮಾರು 5,000 ಮೀಟರ್ ಚಲಿಸುತ್ತದೆ.

3. ಸಾಮಾನ್ಯವಾಗಿ 9 ರಿಂದ 10 ಮೀಟರ್ ಉದ್ದದ ಕೊಳವೆಗಳನ್ನು ದಪ್ಪನೆಯ ಜೋಡಣೆಗಳಿಂದ ಸೇರಿಸಲಾಗಿರುತ್ತದೆ. ಪ್ರತಿ ಜೋಡಣೆಯಲ್ಲಿಯೂ ತರಂಗದ ಒಂದು ಭಾಗ ಹಿಂದಿರುಗುತ್ತದೆ. ಇದರಿಂದಾಗಿ ಕೆಲವು ಕಂಪನಾಂಕಗಳು ಮಾತ್ರ ಸರಾಗವಾಗಿ ಸಾಗುತ್ತವೆ, ಉಳಿದವು ತಡೆಯಲ್ಪಡುತ್ತವೆ. ಆದ್ದರಿಂದ ಸಾಗಬಲ್ಲ ಕಂಪನಾಂಕಗಳಲ್ಲಿಯೇ ಸಂಕೇತವನ್ನು ಕಳುಹಿಸಬೇಕಾಗುತ್ತದೆ.

ಅನುಕೂಲ ಮತ್ತು ಮಿತಿಗಳು:

ಕೊರೆಯುವ ಕೆಸರು ದ್ರವದಲ್ಲಿ ಒತ್ತಡದ ಮಿಡಿತಗಳನ್ನು ಕಳುಹಿಸುವ ವಿಧಾನವು ಹೆಚ್ಚು ರೂಢಿಯಲ್ಲಿದೆ. ಆದರೆ ದ್ರವದ ಬದಲು ಗಾಳಿ ಅಥವಾ ನೊರೆಯನ್ನು ಬಳಸಿದಲ್ಲಿ ಆ ವಿಧಾನವು ಫಲಕಾರಿಯಾಗುವುದಿಲ್ಲ. ಶಬ್ದ ತರಂಗಕ್ಕೆ ಈ ಅಡಚಣೆ ಇರುವುದಿಲ್ಲ. ಆದಾಗ್ಯೂ, ಕೊರೆಯುವಿಕೆಯ ಸದ್ದು ಸಂಕೇತವನ್ನು ಮರೆಮಾಡುತ್ತದೆ ಹಾಗೂ ಆಳ ಹೆಚ್ಚಿದಂತೆ ಸಂಕೇತವು ಕ್ಷೀಣಿಸುತ್ತದೆ. ಆದಕಾರಣ ಆಳದ ಬಾವಿಗಳಲ್ಲಿ ಸಂಕೇತವನ್ನು ಪುನಃ ಬಲಪಡಿಸಿ ಮುಂದೆ ಕಳುಹಿಸುವ ಸಾಧನಗಳನ್ನು ನಡುನಡುವೆ ಅಳವಡಿಸಲಾಗುತ್ತದೆ.

ಜೀವರಕ್ಷಣೆಯಲ್ಲಿ:

ಚಿಲಿ ದೇಶದ ಕೋಪಿಯಾಪೊ ಬಳಿಯ ಸ್ಯಾನ್ ಹೋಸೆ ಗಣಿಯು ದಿನಾಂಕ 5-8-2010ರಂದು ಕುಸಿದು, 33 ಕಾರ್ಮಿಕರು ಒಳಗೆ ಸಿಲುಕಿದರು. ಹದಿನೇಳನೆಯ ದಿನ, ಅಂದರೆ 22-8-2010ರಂದು, ಶೋಧನೆಗಾಗಿ ಇಳಿಸಿದ ಕೊರೆಯುವ ಕೊಳವೆಯು ಸುಮಾರು 688 ಮೀಟರ್ ಆಳದಲ್ಲಿ ಅವರಿದ್ದ ಸ್ಥಳವನ್ನು ತಲುಪಿತು. ಕಾರ್ಮಿಕರು ಕೈಯಲ್ಲಿದ್ದ ಉಪಕರಣಗಳಿಂದ ಕೊಳವೆಯನ್ನು ಬಡಿದರು. ಉಕ್ಕಿನಲ್ಲಿ ಅಷ್ಟು ದೂರವನ್ನು ಕ್ರಮಿಸಲು ಶಬ್ದಕ್ಕೆ ಸೆಕೆಂಡಿನ ಏಳನೆಯ ಒಂದು ಭಾಗದಷ್ಟು ಸಮಯ ಸಾಕು. ಯಂತ್ರವನ್ನು ನಿಲ್ಲಿಸಿ ಆಲಿಸಿದ ಸಿಬ್ಬಂದಿಗೆ ಆ ಬಡಿತ ಕೇಳಿಸಿತು. ಕೊಳವೆಯನ್ನು ಮೇಲೆತ್ತಿದಾಗ ಅದಕ್ಕೆ ಕಟ್ಟಿದ್ದ ಚೀಟಿಯಿಂದ ಎಲ್ಲರೂ ಜೀವಂತವಾಗಿರುವುದು ಖಚಿತವಾಯಿತು. ದಿನಾಂಕ 13-10-2010ರ ವೇಳೆಗೆ 33 ಮಂದಿಯನ್ನೂ ಸುರಕ್ಷಿತವಾಗಿ ಹೊರತರಲಾಯಿತು.

ಅರ್ಜಿದಾರರ ಗಮನಕ್ಕೆ:

ಕೃಷಿ ಅಥವಾ ಗೃಹಬಳಕೆಯ ಸಾಮಾನ್ಯ ಕೊಳವೆ ಬಾವಿಗಳಿಗೆ ಈ ಸಾಧನದ ಅವಶ್ಯಕತೆ ಇರುವುದಿಲ್ಲ. ಆದರೆ ಕರ್ನಾಟಕದ 2011ರ ಅಂತರ್ಜಲ ಅಧಿನಿಯಮದನ್ವಯ, ಅಧಿಸೂಚಿತ ಪ್ರದೇಶಗಳಲ್ಲಿ ಕೊಳವೆ ಬಾವಿ ಕೊರೆಯಿಸುವ ಮುನ್ನ ಅನುಮತಿ ಪಡೆಯತಕ್ಕದ್ದು.