ವೇಷಭೂಷಣ ಮತ್ತು ರಂಗಪರಿಕರಗಳಲ್ಲಿ ಧ್ವನಿ ಅಳವಡಿಕೆ

ವೇಷಭೂಷಣ ಮತ್ತು ರಂಗಪರಿಕರಗಳಲ್ಲಿ ಧ್ವನಿ ಅಳವಡಿಕೆ ಎಂದರೆ, ಪಾತ್ರಧಾರಿಯ ಉಡುಪಿನಲ್ಲಿ ಅಥವಾ ಕೈಯಲ್ಲಿರುವ ವಸ್ತುವಿನಲ್ಲಿ ಚಿಕ್ಕ ವಿದ್ಯುನ್ಮಾನ ಸಾಧನವನ್ನು ಅಡಗಿಸಿ, ಗುಂಡಿ ಒತ್ತಿದಾಗ ಮೊದಲೇ ಮುದ್ರಿಸಿಟ್ಟ ಸದ್ದು ಹೊರಡುವಂತೆ ಮಾಡುವ ವಿಧಾನ. ಶಾಲಾ ನಾಟಕ, ಛದ್ಮವೇಷ ಸ್ಪರ್ಧೆ ಹಾಗೂ ಸ್ತಬ್ಧಚಿತ್ರಗಳಿಗೆ ಇದು ಉಪಯುಕ್ತ. ನೇಪಥ್ಯದಿಂದ ಧ್ವನಿ ನೀಡುವ ಕ್ರಮದಲ್ಲಿ ಸದ್ದಿನ ಸಮಯವನ್ನು ಬೇರೊಬ್ಬರು ನಿರ್ಧರಿಸುತ್ತಾರೆ. ಇಲ್ಲಿ ಆ ನಿರ್ಧಾರ ಪಾತ್ರಧಾರಿಯದೇ ಆಗಿದ್ದು, ಸದ್ದು ಪಾತ್ರ ನಿಂತ ಸ್ಥಳದಿಂದಲೇ ಕೇಳಿಸುತ್ತದೆ.

ಹಿನ್ನೆಲೆ

ವೇಷವೇ ಸದ್ದು ಮಾಡುವ ಪದ್ಧತಿ ಕರ್ನಾಟಕದ ಪ್ರದರ್ಶನ ಕಲೆಗಳಲ್ಲಿ ಹಳೆಯದು. ಯಕ್ಷಗಾನದ ವೇಷಧಾರಿಗಳು ಕಾಲಿಗೆ ಗೆಜ್ಜೆ ಕಟ್ಟುತ್ತಾರೆ. ತುಳುನಾಡಿನ ಭೂತಾರಾಧನೆಯಲ್ಲಿ ಧರಿಸುವ ಗಗ್ಗರವು ಟೊಳ್ಳಾದ ಲೋಹದ ಬಳೆ. ಒಳಗಿನ ಹರಳುಗಳು ಹೆಜ್ಜೆಗೆ ತಕ್ಕಂತೆ ಸದ್ದು ಮಾಡುತ್ತವೆ. ಮಲೆ ಮಹದೇಶ್ವರನ ಭಕ್ತರ ಕಂಸಾಳೆಯಲ್ಲಿ ಕಂಚಿನ ತಾಳವು ವಾದ್ಯವೂ ಹೌದು, ಕುಣಿತದ ಪರಿಕರವೂ ಹೌದು.

ಮುದ್ರಿತ ಧ್ವನಿಯನ್ನು ವಸ್ತುವಿನೊಳಗೆ ಇರಿಸುವ ಆರಂಭಿಕ ಪ್ರಯತ್ನಗಳಲ್ಲಿ ಥಾಮಸ್ ಎಡಿಸನ್‌ನ ಮಾತನಾಡುವ ಗೊಂಬೆ ಪ್ರಸಿದ್ಧವಾದುದು. 1890ರಲ್ಲಿ ಮಾರುಕಟ್ಟೆಗೆ ಬಂದ ಈ ಗೊಂಬೆಯ ಒಡಲಲ್ಲಿ ಕೈಯಿಂದ ತಿರುಗಿಸುವ ಚಿಕ್ಕ ಫೋನೋಗ್ರಾಫ್ ಇತ್ತು. ಅದು ಬೇಗ ಕೆಡುತ್ತಿದ್ದುದರಿಂದ ಕೆಲವೇ ವಾರಗಳಲ್ಲಿ ಮಾರಾಟ ನಿಂತಿತು. ಸದ್ದನ್ನು ಚಿಪ್‌ನಲ್ಲಿ ಸಂಗ್ರಹಿಸುವುದು ಸಾಧ್ಯವಾದ ಬಳಿಕ ಚಲಿಸುವ ಭಾಗಗಳ ಅಗತ್ಯ ತಪ್ಪಿತು.

ರಚನೆ ಮತ್ತು ಕಾರ್ಯವಿಧಾನ

ಇದರಲ್ಲಿ ನಾಲ್ಕು ಮುಖ್ಯ ಭಾಗಗಳಿರುತ್ತವೆ: ಒತ್ತುಗುಂಡಿ, ಧ್ವನಿಯನ್ನು ಸಂಗ್ರಹಿಸಿ ನುಡಿಸುವ ಮಾಡ್ಯೂಲ್, ಸ್ಪೀಕರ್ ಮತ್ತು ಬ್ಯಾಟರಿ.

ವಿದ್ಯಾರ್ಥಿಗಳಿಗೆ ಸುಲಭವಾದುದು ಐಎಸ್‌ಡಿ 1820 ಚಿಪ್ ಇರುವ ಮಾಡ್ಯೂಲ್. ಇದರ ಫಲಕದಲ್ಲೇ ಮೈಕ್ ಇರುತ್ತದೆ, ಪ್ರೋಗ್ರಾಂ ಬರೆಯಬೇಕಿಲ್ಲ. ಬ್ಯಾಟರಿ ತೆಗೆದರೂ ಮುದ್ರಿತ ಧ್ವನಿ ಅಳಿಯುವುದಿಲ್ಲ. ಇದರ ಮೂರು ಗುಂಡಿಗಳಲ್ಲಿ ಒಂದು ಮುದ್ರಣಕ್ಕೆ. ಇನ್ನೊಂದು ಒಮ್ಮೆ ಒತ್ತಿದರೆ ಸದ್ದನ್ನು ಪೂರ್ತಿ ನುಡಿಸುತ್ತದೆ. ಮೂರನೆಯದು ಒತ್ತಿ ಹಿಡಿದಿರುವಷ್ಟು ಕಾಲ ಮಾತ್ರ ನುಡಿಸುತ್ತದೆ. ಮುದ್ರಣದ ಅವಧಿ 8ರಿಂದ 20 ಸೆಕೆಂಡು. ಇದನ್ನು ಚಿಪ್‌ಗೆ ಜೋಡಿಸಿದ ರೋಧಕ ನಿರ್ಧರಿಸುತ್ತದೆ: 100 ಕಿಲೋಓಮ್ ಇದ್ದರೆ 10 ಸೆಕೆಂಡು, 200 ಕಿಲೋಓಮ್ ಇದ್ದರೆ 20 ಸೆಕೆಂಡು. ಅವಧಿ ಹೆಚ್ಚಿದಂತೆ ಧ್ವನಿಯ ಸ್ಪಷ್ಟತೆ ಕುಗ್ಗುತ್ತದೆ.

ಹಲವು ಸದ್ದುಗಳು ಬೇಕಾದಾಗ ಡಿಎಫ್‌ಪ್ಲೇಯರ್ ಮಿನಿಯಂತಹ ಮಾಡ್ಯೂಲ್ ಬಳಸಬಹುದು. ಇದು ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿರುವ ಎಂಪಿ3 ಕಡತಗಳನ್ನು ನುಡಿಸುತ್ತದೆ.

ಸ್ಪೀಕರನ್ನು ಬರಿದಾಗಿ ಇರಿಸಿದರೆ ಅದರ ಮುಂದಿನ ಮತ್ತು ಹಿಂದಿನ ಅಲೆಗಳು ಪರಸ್ಪರ ಕುಂದಿಸಿಕೊಂಡು ಸದ್ದು ತೆಳುವಾಗುತ್ತದೆ. ಚಿಕ್ಕ ಪೆಟ್ಟಿಗೆಯೊಳಗೆ ಕೂರಿಸಿ, ಮುಂಭಾಗಕ್ಕೆ ಮಾತ್ರ ರಂಧ್ರಗಳನ್ನು ಕೊಟ್ಟರೆ ಸದ್ದು ತುಂಬಿ ಬರುತ್ತದೆ. ದಪ್ಪ ಬಟ್ಟೆ ಮುಚ್ಚಿದರೆ ಏರುಸ್ವರಗಳು ಮಂಕಾಗುತ್ತವೆ.

ಗುಂಡಿಯ ಆಯ್ಕೆ: ಒಂದು ಉದಾಹರಣೆ

ಕೋಲಾರ ಚಿನ್ನದ ಗಣಿಗಳ ಕೆಲಸ 2001ರ ಫೆಬ್ರವರಿ 28ರಂದು ನಿಂತಿತು. ಆ ಬಳಿಕ ಹುಟ್ಟಿದ ಬಂಗಾರಪೇಟೆ ಮತ್ತು ಕೆಜಿಎಫ್‌ನ ಮಕ್ಕಳು ಕೆಲಸ ನಡೆಯುತ್ತಿದ್ದ ಗಣಿಯ ಸದ್ದನ್ನು ಕೇಳಿದವರಲ್ಲ. ಗಣಿ ಜೀವನವನ್ನು ಕುರಿತ ಶಾಲಾ ನಾಟಕಕ್ಕೆ ಪಾಳಿಯ ಸೈರನ್, ಬಂಡೆ ಕೊರೆಯುವ ಯಂತ್ರ ಮತ್ತು ಶಿಲಾಸ್ಫೋಟ ಎಂಬ ಮೂರು ಸದ್ದುಗಳು ಬೇಕೆಂದುಕೊಂಡರೆ, ಪ್ರತಿಯೊಂದಕ್ಕೂ ಬೇರೆ ಬಗೆಯ ವ್ಯವಸ್ಥೆ ಬೇಕಾಗುತ್ತದೆ.

ಸೈರನ್ ಒಮ್ಮೆ ಆರಂಭವಾದರೆ ತನ್ನ ಅವಧಿ ಮುಗಿಸುವ ಸದ್ದು. ಒಮ್ಮೆ ಒತ್ತಿ ಬಿಡುವ ಗುಂಡಿ ಅದಕ್ಕೆ ಸಾಕು. ಕೊರೆಯುವ ಯಂತ್ರದ ಸದ್ದು ಕೆಲಸಗಾರ ಕೈ ತೆಗೆದ ಕೂಡಲೇ ನಿಲ್ಲಬೇಕು. ಆದ್ದರಿಂದ ಒತ್ತಿ ಹಿಡಿಯುವ ಗುಂಡಿಯನ್ನು ಪರಿಕರದ ಹಿಡಿಯಲ್ಲಿ, ಹೆಬ್ಬೆರಳಿಗೆ ಸಿಗುವಂತೆ ಇರಿಸಬೇಕು.

ಶಿಲಾಸ್ಫೋಟದ ಸಂಗತಿ ಬೇರೆ. ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್‌ನಂತಹ ಗಣಿಗಳಲ್ಲಿ, ಒತ್ತಡಕ್ಕೆ ಸಿಕ್ಕ ಬಂಡೆ ಹಠಾತ್ತನೆ ಸಿಡಿಯುವುದು ಜೀವಕ್ಕೆ ಎರವಾಗುವ ಅಪಾಯವಾಗಿತ್ತು. ಅದರಿಂದ ಬೆಚ್ಚಬೇಕಾದ ಪಾತ್ರಧಾರಿಯೇ ಗುಂಡಿ ಒತ್ತಿದರೆ ಸದ್ದು ಬರುವುದು ಅವನಿಗೆ ಮೊದಲೇ ತಿಳಿದಿರುತ್ತದೆ, ಬೆಚ್ಚುವಿಕೆ ಕೃತಕವಾಗುತ್ತದೆ. ಈ ಗುಂಡಿ ಮತ್ತೊಬ್ಬ ಪಾತ್ರಧಾರಿಯ ಬಳಿ ಇರುವುದು ಸೂಕ್ತ.

ಗಣಿ ಕಾರ್ಮಿಕರ ಶಿರಸ್ತ್ರಾಣದ ವಿದ್ಯುದ್ದೀಪಕ್ಕೆ ಬ್ಯಾಟರಿ ಸೊಂಟದ ಪಟ್ಟಿಯಲ್ಲಿರುತ್ತಿತ್ತು. ವೇಷದಲ್ಲಿಯೂ ಅದೇ ಆಕಾರದ ಪೆಟ್ಟಿಗೆ ಮಾಡಿ, ಅದರೊಳಗೆ ಮಾಡ್ಯೂಲ್, ಸ್ಪೀಕರ್ ಮತ್ತು ಬ್ಯಾಟರಿ ಇರಿಸಿದರೆ ಸಾಧನವು ವೇಷದ ಸಹಜ ಅಂಗವಾಗುತ್ತದೆ. ಧ್ವನಿಗಳನ್ನು ಗಣಿಯಲ್ಲಿ ದುಡಿದ ಹಿರಿಯರಿಗೆ ಕೇಳಿಸಿ ತಿದ್ದಿಕೊಳ್ಳುವುದು ಒಳ್ಳೆಯದು.

ಸುರಕ್ಷತೆ

ಮಕ್ಕಳ ವೇಷಗಳಲ್ಲಿ ಗುಂಡಿಯಾಕಾರದ ಬ್ಯಾಟರಿಗಳನ್ನು ಬಳಸದಿರುವುದು ಲೇಸು. ಮಗು ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಗಳೊಳಗೇ ತೀವ್ರ ಸುಟ್ಟಗಾಯ ಉಂಟುಮಾಡಬಲ್ಲದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಸ್ಕ್ರೂ ಹಾಕಿ ಮುಚ್ಚುವ ಪೆಟ್ಟಿಗೆಯಲ್ಲಿ 1.5 ವೋಲ್ಟಿನ ಮೂರು ಸಾಮಾನ್ಯ ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ ದೊರೆಯುವ 4.5 ವೋಲ್ಟ್ ಮೇಲಿನ ಮಾಡ್ಯೂಲ್‌ಗಳಿಗೆ ಸಾಕಾಗುತ್ತದೆ. ರಕ್ಷಣಾ ಸರ್ಕಿಟ್ ಇಲ್ಲದ ಲಿಥಿಯಂ ಬ್ಯಾಟರಿಯನ್ನು ಮೈಗೆ ತಾಗುವಂತೆ ಇಡಬಾರದು. ಬೆವರು ತಾಗಿ ತಂತಿಗಳು ಕೂಡದಂತೆ ಬೆಸುಗೆ ಹಾಕಿದ ಜಾಗಗಳನ್ನು ನಿರೋಧಕ ಪಟ್ಟಿಯಿಂದ ಸುತ್ತಬೇಕು. ಸ್ಪೀಕರನ್ನು ಶಿರಸ್ತ್ರಾಣ ಅಥವಾ ಮುಖವಾಡದೊಳಗೆ, ಕಿವಿಯ ಬಳಿ ಇರಿಸಬಾರದು. ಗುಂಡೇಟು ಅಥವಾ ಸ್ಫೋಟದ ಸದ್ದನ್ನು ರೈಲು ನಿಲ್ದಾಣ, ಸಂತೆಯಂತಹ ಸಾರ್ವಜನಿಕ ಸ್ಥಳಗಳಲ್ಲಿ ನುಡಿಸುವುದು ಜನರನ್ನು ಗಾಬರಿಗೊಳಿಸಬಹುದು.

ಮಿತಿಗಳು

ಗೆಜ್ಜೆ ಮೆಲ್ಲನೆಯ ಹೆಜ್ಜೆಗೆ ಮೆಲ್ಲಗೆ, ಬಿರುಸಿನ ಹೆಜ್ಜೆಗೆ ಬಿರುಸಾಗಿ ನುಡಿಯುತ್ತದೆ. ಮುದ್ರಿತ ಧ್ವನಿಯಾದರೋ ಅಭಿನಯ ಹೇಗಿದ್ದರೂ ಪ್ರತಿ ಸಲವೂ ಒಂದೇ ರೀತಿ ಕೇಳಿಸುತ್ತದೆ. ಒಂದೇ ಸದ್ದಿನ ಹಲವು ರೂಪಗಳನ್ನು ಮುದ್ರಿಸಿ ಬದಲಿಸಿ ನುಡಿಸುವುದರಿಂದ ಈ ಕೊರತೆಯನ್ನು ಭಾಗಶಃ ನೀಗಿಸಬಹುದು. ಚಿಕ್ಕ ಸ್ಪೀಕರಿನ ಸದ್ದು ತರಗತಿಯ ಕೋಣೆಗೆ ಸಾಕಾದರೂ ಬಯಲು ರಂಗಮಂದಿರದ ಹಿಂದಿನ ಸಾಲಿಗೆ ತಲುಪುವುದಿಲ್ಲ. ಅಂತಹ ಕಡೆ ನೇಪಥ್ಯದ ಧ್ವನಿವರ್ಧಕವನ್ನೇ ಅವಲಂಬಿಸಬೇಕಾಗುತ್ತದೆ.